ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ: ಏನು ಎತ್ತಿಕೊಳ್ಳಬೇಕು, ಏನು ಬಿಡಬೇಕು

ಕಾರವಾರದ ನಮ್ಮ ಮನೆಯಲ್ಲಿ ಒಂದು, ಶಿರಸಿ ಹತ್ತಿರದ ಅತ್ತೆಮನೆಯಲ್ಲಿ ಒಂದು. 2014ರಲ್ಲಿ ಒಂದೇ ಅಂಗಡಿಯಲ್ಲಿ, ಒಂದೇ ದಿನ ಜೋಡಿಸಿ ತಂದ ಎರಡು ಕಂಪ್ಯೂಟರ್‌ಗಳಿವು. ಎರಡರಲ್ಲೂ ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ಡಿಡಿಆರ್3 (ಮೂರನೇ ತಲೆಮಾರಿನ) ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಕನಿಷ್ಠ ಎಂಟನೇ ತಲೆಮಾರು ಇರಬೇಕು. ಹಾಗಾಗಿ ಮಳೆಗಾಲ ಕಳೆದ ಮೇಲೆ ಎರಡನ್ನೂ ಬಿಚ್ಚಿ, ಹೊಸದಕ್ಕೆ ಏನೇನು ಬರುತ್ತದೆ ಎಂದು ನೋಡಲು ಕೂತೆ.

ಶಿರಸಿಯದ್ದರಲ್ಲಿ ಧೂಳು, ಜೇಡರ ಬಲೆ, ಎಸ್‌ಎಂಪಿಎಸ್ (ಒಳಭಾಗಗಳಿಗೆ ಕರೆಂಟು ಒದಗಿಸುವ ಪೆಟ್ಟಿಗೆ) ಜಾಲರಿಯ ಹಿಂದೆ ಒಣಗಿ ಹೋದ ಒಂದು ಹಲ್ಲಿ. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿನ ಮೇಲೆ ತೆಳುವಾಗಿ ಬೂಸ್ಟು ಬಂದಿತ್ತು. ಆದರೆ ಬ್ರಷ್ ಆಡಿಸಿದರೆ ಒಳಗಿನ ಲೋಹ ಹೊಳೆಯುತ್ತಿತ್ತು. ಕಾರವಾರದ್ದು ಹೊರಗಿನಿಂದ ಚೊಕ್ಕಟ. ಒಳಗೆ ನೋಡಿದರೆ ಸ್ಕ್ರೂಗಳು ಕಚ್ಚಿ ಹಿಡಿದು ತಿರುಗಲೊಲ್ಲವು, ಹಿಂಬದಿಯ ಯುಎಸ್‌ಬಿ ಪೋರ್ಟ್‌ಗಳ ತಗಡು ಕಂದು ಬಣ್ಣಕ್ಕೆ ತಿರುಗಿದೆ, ಬೋರ್ಡಿನ ಒಂದು ಮೂಲೆಯಲ್ಲಿ ಹಳೇ ತಾಮ್ರದ ಪಾತ್ರೆಗೆ ಹಿಡಿಯುವಂಥದ್ದೇ ಹಸಿರು ಕಿಲುಬು. ವಯಸ್ಸು ಒಂದೇ, ಮಾಲು ಒಂದೇ. ಶಿರಸಿಯಲ್ಲೂ ಮಳೆ ಕಡಿಮೆಯೇನಲ್ಲ. ವ್ಯತ್ಯಾಸ ಉಪ್ಪುಗಾಳಿಯದ್ದು.

ಅದಕ್ಕೇ ಈ ಬರಹ. ಯಾವ ಭಾಗ ಯಾವುದಕ್ಕೆ ಸರಿಹೊಂದುತ್ತದೆ ಎಂಬುದು ಬೆಂಗಳೂರಿನಲ್ಲೂ ಒಂದೇ, ಕಾರವಾರದ ಬೈತಖೋಲದಲ್ಲೂ ಒಂದೇ. ಆದರೆ ಸರಿಹೊಂದಿದ ಮಾತ್ರಕ್ಕೆ ಹಾಕಬಹುದು ಎಂದಲ್ಲ. ನಾನು ಪ್ರತಿ ಭಾಗಕ್ಕೂ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಇದು ನಾಳೆ ಕೆಟ್ಟರೆ ತಾನೊಂದೇ ಕೆಡುತ್ತದೆಯೋ, ಪಕ್ಕದ್ದನ್ನೂ ಕೆಡಿಸುತ್ತದೆಯೋ?

ಮೊದಲು ರ‍್ಯಾಮ್

ರ‍್ಯಾಮ್‌ನಿಂದ ಶುರು ಮಾಡಿ, ಹೊಸ ಬೋರ್ಡ್ ಯಾವುದಿರಬೇಕು ಎಂಬುದನ್ನು ಅದೇ ಹೇಳುತ್ತದೆ. ಡಿಡಿಆರ್3 ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಡಿಡಿಆರ್4 2014ರಲ್ಲಿ. ಡಿಡಿಆರ್5 ಬಂದದ್ದು 2020ರ ನಂತರ. ಡೆಸ್ಕ್‌ಟಾಪಿನ ಡಿಡಿಆರ್3ಗೆ 240 ಪಿನ್, ಉಳಿದೆರಡಕ್ಕೂ 288. ಪಿನ್ ಲೆಕ್ಕ ಒಂದೇ ಆದರೂ 4 ಮತ್ತು 5ರ ಪಿನ್‌ಸಾಲಿನ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಒಡೆಯುತ್ತದೆ, ಅಷ್ಟೆ. ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್ ಕಡ್ಡಿಯೂ ಡೆಸ್ಕ್‌ಟಾಪ್ ಬೋರ್ಡಿಗೆ ಬರುವುದಿಲ್ಲ.

ನಿಮ್ಮದು ನಮ್ಮ ಹಾಗೆ ಡಿಡಿಆರ್3 ಆಗಿದ್ದರೆ ಹೊಸದಕ್ಕೆ ಅದರಿಂದ ಪ್ರಯೋಜನವಿಲ್ಲ. ಆದರೆ 2017–18ರ ಹೊತ್ತಿಗೆ ತಂದ ಕಂಪ್ಯೂಟರ್ ಆಗಿದ್ದರೆ ಒಳಗಿರುವುದು ಡಿಡಿಆರ್4 ಆಗಿರುವ ಸಾಧ್ಯತೆ ಹೆಚ್ಚು. ಆಗ ಲೆಕ್ಕ ಬದಲಾಗುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಕೈಯಲ್ಲಿರುವ 8 ಅಥವಾ 16 ಜಿಬಿಯನ್ನು ಡ್ರಾಯರಿಗೆ ಹಾಕಿ ಹೊಸದಕ್ಕೆ ದುಡ್ಡು ಸುರಿಯುವ ಕಾಲ ಇದಲ್ಲ. ಇಂಟೆಲ್ 12, 13, 14ನೇ ತಲೆಮಾರುಗಳ ಬೋರ್ಡ್‌ಗಳಲ್ಲಿ ಡಿಡಿಆರ್4ರದ್ದೂ ಇವೆ, ಡಿಡಿಆರ್5ರದ್ದೂ ಇವೆ. ಎಎಂಡಿ ಪ್ರೊಸೆಸರುಗಳಲ್ಲಿ ಎಎಂ4 ಸಾಕೆಟ್ಟಿನ ಬೋರ್ಡ್‌ಗಳು ಡಿಡಿಆರ್4ಗೆ. 2022ರಲ್ಲಿ ಬಂದ ಎಎಂ5 ಡಿಡಿಆರ್5ಗೆ ಮಾತ್ರ. ಅಂಗಡಿಯವರಿಗೆ ಪ್ರೊಸೆಸರ್ ಹೆಸರು ಹೇಳುವ ಮೊದಲು "ಡಿಡಿಆರ್4 ಬೋರ್ಡೇ ಬೇಕು" ಎಂದು ಹೇಳಿ, ಬಿಲ್ಲಿನಲ್ಲಿ ಬೋರ್ಡಿನ ಪೂರ್ತಿ ಹೆಸರು ಬರೆಸಿಕೊಳ್ಳಿ. ಹುಬ್ಬಳ್ಳಿಯಿಂದಲೋ ಮಡಗಾಂವದಿಂದಲೋ ತರಿಸಿದ ಬೋರ್ಡು ಬೇರೆಯದಾದರೆ ವಾಪಸು ಕಳಿಸುವುದರಲ್ಲಿ ವಾರ ಕಳೆಯುತ್ತದೆ.

ಹಳೇ ಕಡ್ಡಿಯ ಜೊತೆ ಹೊಸ ಕಡ್ಡಿ ಹಾಕಿದರೆ ಎರಡೂ ನಿಧಾನದ್ದರ ವೇಗದಲ್ಲೇ ಓಡುತ್ತವೆ. ಟ್ಯಾಲಿ, ಬ್ರೌಸರ್, ಮಕ್ಕಳ ಪಾಠಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ಪಿನ್‌ಗಳಿಂದ. ಚಿನ್ನದ ಲೇಪ ತುಂಬ ತೆಳು. ಅದರ ಮೇಲೆ ಕಪ್ಪು ಪದರ ಕೂತಿದ್ದರೆ ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಲೇಪ ಎದ್ದು ತಾಮ್ರ ಕಾಣುತ್ತಿದ್ದರೆ ಆ ಕಡ್ಡಿ ಬೇಡ, ನಮ್ಮ ಗಾಳಿಯಲ್ಲಿ ಅದು ಮತ್ತೆ ಕಿಲುಬು ಹಿಡಿಯುತ್ತದೆ. ಹಾಕಿದ ಮೇಲೆ ಒಂದು ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಪಿನ್ ಮತ್ತೊಮ್ಮೆ ಒರೆಸಿ ನೋಡಿ, ಮತ್ತೆ ಬಂದರೆ ತೆಗೆದಿಡಿ. ಕೆಟ್ಟ ರ‍್ಯಾಮ್ ಸುಮ್ಮನೆ ನಿಲ್ಲುವುದಿಲ್ಲ, ಕಾಪಿ ಮಾಡುವಾಗ ಫೈಲುಗಳನ್ನೇ ಹಾಳು ಮಾಡುತ್ತದೆ.

ಡಿಸ್ಕ್: ಯಂತ್ರಕ್ಕಿಂತ ಒಳಗಿನದ್ದು ದೊಡ್ಡದು

ಅತ್ತೆಮನೆಯಲ್ಲಿ ಮಾವ ಕೇಳಿದ್ದು ಒಂದೇ ಮಾತು. "ಆಟದ ರೆಕಾರ್ಡಿಂಗ್ ಎಂತೂ ಆಗ್ತಿಲ್ಲೆ ಅಲ್ದಾ?" ಹದಿನೈದು ವರ್ಷ ಊರೂರು ತಿರುಗಿ ಅವರೇ ಧ್ವನಿಮುದ್ರಿಸಿಕೊಂಡ ಯಕ್ಷಗಾನ ಆ ಡಿಸ್ಕಿನಲ್ಲಿತ್ತು, ತೋಟದ ಲೆಕ್ಕವೂ ಇತ್ತು. ಬೇರೆಲ್ಲೂ ಪ್ರತಿಯಿರಲಿಲ್ಲ.

ಅದಕ್ಕೇ ಡಿಸ್ಕಿನ ವಿಷಯದಲ್ಲಿ ಬಿಚ್ಚುವ ಮೊದಲೇ ಕೆಲಸ ಶುರುವಾಗಬೇಕು. ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿರುವಾಗಲೇ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಮೂರು ಸಾಲು ನೋಡಿ: 05, ಸಿ5, ಸಿ6. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರ್‌ಗಳ ಲೆಕ್ಕ, ಎರಡನೆಯದು ಓದಲು ತಡವರಿಸುತ್ತಿರುವವುಗಳದ್ದು, ಮೂರನೆಯದು ಓದಲಾಗದೇ ಹೋದವುಗಳದ್ದು. ಮೂರೂ ಸೊನ್ನೆ ಇದ್ದರೆ ಆ ಡಿಸ್ಕನ್ನು ಹೊಸದಕ್ಕೆ ಎರಡನೇ ಡಿಸ್ಕಾಗಿ ಧೈರ್ಯವಾಗಿ ಒಯ್ಯಬಹುದು. ಶಿರಸಿಯ ಡಿಸ್ಕು 18,000 ಗಂಟೆ ಓಡಿತ್ತು, ಮೂರೂ ಸೊನ್ನೆ. ಕಾರವಾರದ್ದರಲ್ಲಿ ಸಿ5 ಎದುರು 8 ಇತ್ತು. ಎಂಟೇ ಅಲ್ಲವೇ ಎನ್ನಬೇಡಿ. ಸೊನ್ನೆ ದಾಟಿದ ಡಿಸ್ಕಿನಿಂದ ಮೊದಲು ಎಲ್ಲವನ್ನೂ ಕಾಪಿ ಮಾಡಿ, ಆಮೇಲೆ ಅದನ್ನು ಕೆಲಸದಿಂದ ಇಳಿಸಿ. ನಾನು ಹಾಗೇ ಮಾಡಿದೆ.

ಇನ್ನು ಆಯ್ಕೆ. ಹಳೇ ಹಾರ್ಡ್ ಡಿಸ್ಕಿನಿಂದಲೇ ಹೊಸ ಕಂಪ್ಯೂಟರನ್ನು ಬೂಟ್ ಮಾಡಬಹುದೇ? ಮಾಡಬೇಡಿ. ಸಾಮಾನ್ಯ ಹಾರ್ಡ್ ಡಿಸ್ಕು ಸೆಕೆಂಡಿಗೆ 100ರಿಂದ 150 ಎಂಬಿ ಓದುತ್ತದೆ, ಸಾಟಾ ಎಂಬ ಹಳೇ ಜೋಡಣೆಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕು) 550ರ ಹತ್ತಿರ, ಮೂರನೇ ತಲೆಮಾರಿನ ಪಿಸಿಐಇಯ (ಬೋರ್ಡಿನ ವೇಗದ ಜೋಡಣೆ) ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿ 3,500ರ ಹತ್ತಿರ. ಆದರೆ ಈ ಅಂಕಿಗಳಿಗಿಂತ ಮುಖ್ಯವಾದದ್ದು ಹುಡುಕುವ ಸಮಯ. ಹಾರ್ಡ್ ಡಿಸ್ಕಿನ ಮುಳ್ಳು ಚದುರಿದ ಫೈಲುಗಳಿಗಾಗಿ ಪ್ರತಿ ಸಲ ಸುಮಾರು 10 ಮಿಲಿಸೆಕೆಂಡ್ ಓಡಾಡುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ. ಅದರಿಂದಾಗಿಯೇ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ದಿನನಿತ್ಯದ ಬಳಕೆಯಲ್ಲಿ ಕಾಣುವ ಸುಧಾರಣೆ ಸಣ್ಣದು, ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಹೋದಾಗ ಕಾಣುವುದು ಬಹಳ ದೊಡ್ಡದು. ನಿಮ್ಮ ಹಳೇ ಯಂತ್ರದಲ್ಲಿ ಆರೋಗ್ಯವಾಗಿರುವ ಸಾಟಾ ಎಸ್‌ಎಸ್‌ಡಿ ಇದ್ದರೆ ಅದನ್ನೇ ಹೊಸದರ ಬೂಟ್ ಡಿಸ್ಕ್ ಮಾಡಿ, ಉಳಿದ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಡ್ಡಿಯಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟಿನ ವಿಷಯದಲ್ಲಿ ಎರಡು ಎಚ್ಚರ. ನೋಡಲು ಒಂದೇ ತರಹದ ಎಂ.2 ಕಡ್ಡಿಗಳಲ್ಲಿ ಸಾಟಾದವೂ ಇವೆ, ಎನ್‌ವಿಎಂಇಯವೂ ಇವೆ. ಎನ್‌ವಿಎಂಇಗೆ ಮಾತ್ರ ಮಾಡಿದ ಸ್ಲಾಟಿನಲ್ಲಿ ಸಾಟಾ ಕಡ್ಡಿ ಕೂತರೂ ಕಾಣಿಸಿಕೊಳ್ಳುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಎಂ.2 ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟು ಬಂದ್ ಆಗುತ್ತವೆ. ಹಳೇ ಡಿಸ್ಕು ಕಾಣದಿದ್ದರೆ ಸತ್ತಿತು ಎಂದುಕೊಳ್ಳುವ ಮೊದಲು ಬೇರೆ ಪೋರ್ಟಿಗೆ ಹಾಕಿ ನೋಡಿ.

ವಿಂಡೋಸ್ ಹೊಸದಾಗಿ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ಕಳಚಿಟ್ಟಿರಿ. ಕಳಚದಿದ್ದರೆ ಬೂಟ್ ಫೈಲುಗಳು ಹಳೇ ಡಿಸ್ಕಿನಲ್ಲಿ ಹೋಗಿ ಕೂರಬಹುದು. ಆಮೇಲೆ ಒಂದು ದಿನ ಆ ಡಿಸ್ಕು ತೆಗೆದರೆ ಹೊಸ ಕಂಪ್ಯೂಟರೇ ಏಳುವುದಿಲ್ಲ. ಹಳೆಯದರಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿಕೊಂಡಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬೋರ್ಡು ಬದಲಾದ ಕೂಡಲೇ ಅದು ಕೇಳುತ್ತದೆ.

ನಮ್ಮಂಥವರಿಗೆ ಮಾತ್ರ ಇರುವ ಇನ್ನೊಂದು ಸಮಸ್ಯೆ ಹೇಳಿಬಿಡುತ್ತೇನೆ. ಹಳೇ ಡಿಸ್ಕಿನಲ್ಲಿರುವ ಕನ್ನಡ ಪತ್ರಗಳು, ಸೊಸೈಟಿಗೆ ಕೊಟ್ಟ ಅರ್ಜಿಗಳು, ದೇವಸ್ಥಾನದ ವರದಿಗಳು ಹೆಚ್ಚಾಗಿ 'ನುಡಿ' ಅಥವಾ 'ಬರಹ' ತಂತ್ರಾಂಶಗಳ ಹಳೇ ಫಾಂಟಿನಲ್ಲಿರುತ್ತವೆ, ಈಗ ಎಲ್ಲೆಡೆ ಬಳಸುವ ಯೂನಿಕೋಡಿನಲ್ಲಲ್ಲ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಹಳೇ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ಎತ್ತಿಕೊಳ್ಳಿ. ಬಿಡುವಾದಾಗ ಪರಿವರ್ತಕ ಬಳಸಿ ಯೂನಿಕೋಡಿಗೆ ತನ್ನಿ. ಇದನ್ನು ಮರೆತು ಹಳೇ ಡಿಸ್ಕು ಅಳಿಸಿದವರನ್ನು ನಾನು ನೋಡಿದ್ದೇನೆ. ಅವರ ಪಾಡು ಯಾರಿಗೂ ಬೇಡ.

ಎಸ್‌ಎಂಪಿಎಸ್: ಓಡುತ್ತಿದ್ದರೂ ಬಿಡಿ

ಎಲ್ಲ ಭಾಗಗಳಲ್ಲಿ ಜನ ಅತ್ಯಂತ ಸಲೀಸಾಗಿ ಹಳೆಯದನ್ನೇ ಉಳಿಸಿಕೊಳ್ಳುವುದು ಇದನ್ನೇ, ಉಳಿಸಿಕೊಳ್ಳಲೇಬಾರದ್ದೂ ಇದೇ. ರ‍್ಯಾಮ್ ಸತ್ತರೆ ರ‍್ಯಾಮ್ ಹೋಗುತ್ತದೆ. ಎಸ್‌ಎಂಪಿಎಸ್ ಕೆಟ್ಟು ಸತ್ತರೆ ಬೋರ್ಡು, ಡಿಸ್ಕು, ಎಲ್ಲವನ್ನೂ ಜೊತೆಗೆ ಒಯ್ಯಬಹುದು.

ಕ್ಯಾಬಿನೆಟ್ಟಿನ ಜೊತೆ ಬಂದ ನಮ್ಮ ಹಳೇ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿತ್ತು. ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿತ್ತು. ಗುಣಿಸಿ: 192 ವ್ಯಾಟ್. ಇಂದಿನ ಕಂಪ್ಯೂಟರುಗಳು ಹೆಚ್ಚುಕಡಿಮೆ ಎಲ್ಲ ವಿದ್ಯುತ್ತನ್ನೂ ಎಳೆಯುವುದು ಈ 12 ವೋಲ್ಟಿನ ಸಾಲಿನಿಂದಲೇ. ಹಾಗಾಗಿ ದೊಡ್ಡ ಅಕ್ಷರ ಬಿಟ್ಟು ಈ ಗುಣಾಕಾರವನ್ನೇ ನಂಬಿ. ಐ3-12100 ಹೆಚ್ಚೆಂದರೆ 89 ವ್ಯಾಟ್ ಬೇಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ 192 ಕೂಡ ಲೆಕ್ಕಕ್ಕೆ ಸಾಕು. ಆದರೂ ಬೇಡ ಎನ್ನುತ್ತೇನೆ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಬಿಸಿಗೆ ವರ್ಷದಿಂದ ವರ್ಷಕ್ಕೆ ಒಣಗುತ್ತವೆ, ಒಣಗಿದಂತೆ ವೋಲ್ಟೇಜ್ ಅಲುಗಾಡುತ್ತದೆ. ಸಾಲದ್ದಕ್ಕೆ ಫ್ಯಾನು ಎಳೆದ ಉಪ್ಪುಗಾಳಿಯೆಲ್ಲ ಅದರ ಮೂಲಕವೇ ಹಾದುಹೋಗಿದೆ. ಬಿಚ್ಚಿ ಸ್ವಚ್ಛ ಮಾಡೋಣ ಎಂದುಕೊಳ್ಳಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮೇಲ್ಪಟ್ಟು ಸ್ವಲ್ಪ ಹೊತ್ತು ಉಳಿದಿರಬಹುದು.

ಒಂದು ವಿನಾಯಿತಿ ಕೊಡುತ್ತೇನೆ. ಹೆಸರಾಂತ ಕಂಪನಿಯ, ದಕ್ಷತೆಯ 80 ಪ್ಲಸ್ ಮುದ್ರೆಯ, ನಾಲ್ಕೈದು ವರ್ಷದೊಳಗಿನ, ಗ್ಯಾರಂಟಿ ಇನ್ನೂ ಉಳಿದಿರುವ ಎಸ್‌ಎಂಪಿಎಸ್ ಆದರೆ ಒಯ್ಯಿರಿ. ಹೊಸ ಬೋರ್ಡಿನ ಪ್ರೊಸೆಸರಿಗೆ ಬೇಕಾದ 8 ಪಿನ್ನಿನ ಕನೆಕ್ಟರ್ ಇದೆಯೇ ನೋಡಿ, ಹಳೆಯವುಗಳಲ್ಲಿ 4 ಪಿನ್ ಮಾತ್ರ ಇರುತ್ತಿತ್ತು. ಕೇಬಲ್ ಕಳಚುವ ತರಹದ್ದಾದರೆ ಅದರ ಸ್ವಂತ ಕೇಬಲ್‌ಗಳನ್ನೇ ಬಳಸಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದ್ದು ಒಂದೊಂದು ರೀತಿ. ಬೇರೆಯದರ ಕೇಬಲ್ ಸಲೀಸಾಗಿ ಕೂತು ಡಿಸ್ಕನ್ನು ಸುಡಬಲ್ಲದು.

ಹಳೇ ಯುಪಿಎಸ್ ಮಾತ್ರ ಉಳಿಸಿಕೊಳ್ಳಬಹುದು, ಒಳಗಿನ 12 ವೋಲ್ಟಿನ ಬ್ಯಾಟರಿ ಹೊಸದು ಹಾಕಿಸಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮಲ್ಲಿ ಅದು ಬೇಕೇ ಬೇಕು. ಆದರೆ ಅಗ್ಗದ ಯುಪಿಎಸ್‌ಗಳ ಚೌಕಾಕಾರದ ಅಲೆಯನ್ನು ಕೆಲವು ಒಳ್ಳೆಯ ಹೊಸ ಎಸ್‌ಎಂಪಿಎಸ್‌ಗಳು ಸಹಿಸುವುದಿಲ್ಲ, ಕರೆಂಟ್ ಹೋದ ಕ್ಷಣಕ್ಕೆ ಆರಿಬಿಡುತ್ತವೆ. ಜೋಡಿಸಿದ ಮೊದಲ ದಿನವೇ, ಏನೂ ಫೈಲು ತೆರೆಯದೆ, ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷಿಸಿ.

ಉಳಿದವು

ಪ್ರೊಸೆಸರ್ ಒಯ್ಯುವ ಮಾತೇ ಇಲ್ಲ, ಬೋರ್ಡು ಬದಲಾದರೆ ಸಾಮಾನ್ಯವಾಗಿ ಅದು ಕೂರುವ ಸಾಕೆಟ್ಟೂ ಬದಲಾಗುತ್ತದೆ. ಎಎಂ4 ಒಂದು ಅಪವಾದ: 2017ರ ರೈಜನ್ ಬೋರ್ಡಿನಲ್ಲೇ, ಬಯಾಸ್ (ಬೋರ್ಡಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಸಿಕ್ಕರೆ, 2020ರ ರೈಜನ್ 5000 ಸಾಲಿನದ್ದನ್ನು ಕೂರಿಸಬಹುದು. ಅಂಥ ಬೋರ್ಡು ಮನೆಯಲ್ಲಿದ್ದರೆ ಹೊಸ ಕಂಪ್ಯೂಟರಿನ ಯೋಚನೆಯನ್ನೇ ಬದಿಗಿಡಿ. ಕೂಲರ್ ವಿಷಯ ಹೇಳುವುದಾದರೆ, ಇಂಟೆಲ್‌ನ ಹಳೇ ಬೋರ್ಡ್‌ಗಳಲ್ಲಿ ರಂಧ್ರಗಳ ಅಂತರ 75 ಮಿಲಿಮೀಟರ್ ಇತ್ತು, 12ನೇ ತಲೆಮಾರಿನಿಂದ 78. ಬೇರೆ ಕ್ಲಿಪ್ ಇಲ್ಲದೆ ಕೂರುವುದಿಲ್ಲ.

ಕ್ಯಾಬಿನೆಟ್ ಒಯ್ಯಬಹುದೇ ಎಂಬುದಕ್ಕೆ ಶಿರಸಿಗೆ ಒಂದು ಉತ್ತರ, ಕಾರವಾರಕ್ಕೆ ಒಂದು. ಬೋರ್ಡುಗಳ ಎಟಿಎಕ್ಸ್, ಮೈಕ್ರೋ ಎಟಿಎಕ್ಸ್ ಅಳತೆ ವರ್ಷಗಳಿಂದ ಹಾಗೇ ಇರುವುದರಿಂದ ಅಂಗಡಿಯಲ್ಲಿ ಜೋಡಿಸಿದ ಹಳೇ ಪೆಟ್ಟಿಗೆಗೆ ಹೊಸ ಬೋರ್ಡು ಕೂರುತ್ತದೆ. ಶಿರಸಿಯದ್ದನ್ನು ತೊಳೆದು, ಎರಡು ಹೊಸ ಫ್ಯಾನ್ ಹಾಕಿ ಅದನ್ನೇ ಬಳಸಿದೆ. ಮುಂಭಾಗದ ಯುಎಸ್‌ಬಿ ಹಳೇ ವೇಗದ್ದು, ಅಷ್ಟೇ ಕೊರತೆ. ಕಾರವಾರದ್ದರಲ್ಲಿ ಬೋರ್ಡ್ ಕೂರುವ ತಗಡೇ ಪದರ ಪದರವಾಗಿ ಎದ್ದಿತ್ತು. ಆ ತುಕ್ಕಿನ ಹುಡಿ ಹೊಸ ಬೋರ್ಡಿನ ಸ್ಲಾಟುಗಳಿಗೆ ಉದುರುವುದು ಬೇಡವೆಂದು ಬಿಟ್ಟೆ. ತುಕ್ಕು ಹೊರಮೈಯಲ್ಲಿ ಮಾತ್ರ ಇದ್ದರೆ ಉಜ್ಜಿ ಬಣ್ಣ ಹಚ್ಚಿ ಉಳಿಸಿಕೊಳ್ಳಬಹುದು. ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರ್ ಆದರೆ ಕ್ಯಾಬಿನೆಟ್, ಎಸ್‌ಎಂಪಿಎಸ್ ಎರಡರ ಅಳತೆಯೂ ಹಲವು ಸಲ ಅವರದ್ದೇ ಆಗಿರುತ್ತದೆ. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ.

ಹಳೇ ಗ್ರಾಫಿಕ್ಸ್ ಕಾರ್ಡು ಹೊಸ ಸ್ಲಾಟಿಗೆ ಕೂರುತ್ತದೆ, ಪಿಸಿಐಇ ಹಿಂದಿನದ್ದನ್ನೂ ಒಪ್ಪುತ್ತದೆ. ಆದರೆ ಜಿಟಿ 710ರಂಥ ಸಣ್ಣ ಕಾರ್ಡಿಗಿಂತ ಹೊಸ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಮೇಲು, ಸುಮ್ಮನೆ ಕರೆಂಟು ತಿನ್ನಿಸಬೇಡಿ. ಹೆಸರಿನ ಕೊನೆಯಲ್ಲಿ ಎಫ್ ಇರುವ, ಒಳಗೆ ಗ್ರಾಫಿಕ್ಸ್ ಇಲ್ಲದ ಇಂಟೆಲ್ ಪ್ರೊಸೆಸರ್ ತಂದರೆ ಮಾತ್ರ ಕಾರ್ಡು ಬೇಕೇ ಬೇಕು. ಆಗಲೂ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಗೊತ್ತಿಲ್ಲದ 2012ಕ್ಕೂ ಹಿಂದಿನ ಕಾರ್ಡುಗಳು ಹೊಸ ಬೋರ್ಡಿನಲ್ಲಿ ಪರದೆ ಬೆಳಗಿಸದೇ ಇರಬಹುದು.

ಮಾನಿಟರ್, ಕೀಬೋರ್ಡ್, ಮೌಸ್ ಧಾರಾಳವಾಗಿ ಒಯ್ಯಿರಿ. ವಿಜಿಎ ಮಾತ್ರ ಇರುವ ಮಾನಿಟರ್ ಆದರೆ ವಿಜಿಎ ಇರುವ ಬೋರ್ಡು ಹುಡುಕಿ, ಎಚ್610 ಬೋರ್ಡುಗಳಲ್ಲಿ ಇನ್ನೂ ಸಿಗುತ್ತದೆ. ಇಲ್ಲದಿದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಸಾಕು. ಸಿಡಿಲಿಗೆ ಲ್ಯಾನ್ ಪೋರ್ಟು ಸುಟ್ಟಾಗ ನೀವು ಹಾಕಿಸಿದ್ದ ಲ್ಯಾನ್ ಕಾರ್ಡು ಸಣ್ಣ ಪಿಸಿಐಇ ತರಹದ್ದಾದರೆ ತೆಗೆದಿಟ್ಟುಕೊಳ್ಳಿ. ಶಿರಸಿಯ ಕಡೆ ಏಪ್ರಿಲ್–ಮೇ ಗುಡುಗಿಗೆ ಅದು ಮತ್ತೆ ಬೇಕಾಗಬಹುದು.

ಹಾಗಾದರೆ ಯಾವ ದಾರಿ?

ಯಂತ್ರ ಡಿಡಿಆರ್4ರದ್ದಾಗಿ, ಎಂಟನೇ ತಲೆಮಾರು ಅಥವಾ ಮೇಲಿನದ್ದಾಗಿದ್ದರೆ ಏನನ್ನೂ ಬೇರೆಡೆಗೆ ಒಯ್ಯಬೇಡಿ. ಎಸ್‌ಎಸ್‌ಡಿ, ಇನ್ನೊಂದು ರ‍್ಯಾಮ್ ಕಡ್ಡಿ, ಹೊಸ ಎಸ್‌ಎಂಪಿಎಸ್ ಹಾಕಿ ಅದನ್ನೇ ಓಡಿಸಿ. ಡಿಡಿಆರ್4 ಆದರೂ ಆರು–ಏಳನೇ ತಲೆಮಾರಿನದ್ದಾಗಿದ್ದರೆ ಬೋರ್ಡು, ಪ್ರೊಸೆಸರ್, ಎಸ್‌ಎಂಪಿಎಸ್ ಮಾತ್ರ ಬದಲಿಸಿ, ರ‍್ಯಾಮ್, ಡಿಸ್ಕು, ಪೆಟ್ಟಿಗೆ ಉಳಿಸಿಕೊಳ್ಳಿ. ಹೆಚ್ಚು ದುಡ್ಡು ಉಳಿಯುವುದು ಈ ಮಧ್ಯದ ದಾರಿಯಲ್ಲೇ. ಡಿಡಿಆರ್3ರದ್ದಾದರೆ ಒಯ್ಯಲು ಸಿಗುವುದು ಡಿಸ್ಕು, ಮಾನಿಟರ್, ಬಹುಶಃ ಪೆಟ್ಟಿಗೆ. ಉಳಿದ ಒಳಭಾಗವೆಲ್ಲ ಹೊಸದೇ. ಇನ್ನು ಸಮುದ್ರಕ್ಕೆ ಕೂಗಳತೆಯ ದೂರದಲ್ಲಿ ಮನೆಯಿದ್ದು, ಬೋರ್ಡಿನಲ್ಲಿ ಕಿಲುಬು ಕಂಡಿದ್ದರೆ, ತಲೆಮಾರು ಯಾವುದಿದ್ದರೂ ಆ ಬೋರ್ಡಿನ ಮೇಲೆ ಹೊಸ ಖರ್ಚು ಹಾಕಬೇಡಿ.

ಹಳೇ ವಿಂಡೋಸ್ ಲೈಸೆನ್ಸ್ ಕಂಪ್ಯೂಟರಿನ ಜೊತೆಗೇ ಬಂದದ್ದಾದರೆ ಅದು ಹಳೇ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಪ್ರತ್ಯೇಕವಾಗಿ ಕೊಂಡ ರಿಟೇಲ್ ಲೈಸೆನ್ಸ್ ಮಾತ್ರ ಹೊಸದಕ್ಕೆ ಬರುತ್ತದೆ. ಖರ್ಚಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಶಿರಸಿಯ ಹಳೇ ಬೋರ್ಡು ಇನ್ನೂ ಗಟ್ಟಿಯಾಗಿತ್ತು. ಎರಡೂ ಯಂತ್ರಗಳ ರ‍್ಯಾಮ್ ಸೇರಿಸಿ 8 ಜಿಬಿ ಮಾಡಿ, ಬೇರೊಂದು ಪೆಟ್ಟಿಗೆಯೊಳಗೆ ಹೊಸ ಎಸ್‌ಎಂಪಿಎಸ್, ಸಣ್ಣ ಎಸ್‌ಎಸ್‌ಡಿ, ಲಿನಕ್ಸ್ ಮಿಂಟ್ ಹಾಕಿ ಮೆತ್ತಿನ (ಮಹಡಿಯ) ಮೇಲೆ ಇಟ್ಟೆವು. ಭಾವನ ಮಗಳು ಕನ್ನಡ ಟೈಪಿಂಗ್ ಕಲಿಯುತ್ತಿರುವುದು ಅದರಲ್ಲೇ. ಮಾವನ ಆಟಗಳು ಈಗ ಮೂರು ಕಡೆ ಇವೆ: ಅವರ ಹೊಸ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿ, ಅದರಲ್ಲೇ ಇರುವ ಹಳೇ 500 ಜಿಬಿ ಡಿಸ್ಕಿನಲ್ಲಿ, ಕಾರವಾರದಲ್ಲಿ ನನ್ನ ಬಳಿ ಒಂದು ಯುಎಸ್‌ಬಿ ಡಿಸ್ಕಿನಲ್ಲಿ. ಆ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇಟ್ಟಿದ್ದೇನೆ. ಎರಡು ತಿಂಗಳಿಗೊಮ್ಮೆ ತೆಗೆದು ಓಡಿಸುತ್ತೇನೆ, ಜೆಲ್ ತೇವ ಹೀರಿದ್ದರೆ ಬಿಸಿ ಮಾಡಿ ಒಣಗಿಸುತ್ತೇನೆ. ಕಾರವಾರದ ಬೋರ್ಡು, ಎರಡೂ ಹಳೇ ಎಸ್‌ಎಂಪಿಎಸ್, ಸಿ5 ಏರಿದ ಡಿಸ್ಕು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇ-ತ್ಯಾಜ್ಯ ಸಂಗ್ರಹಕ್ಕೆ ಹೋಗಲು ಕಾದಿವೆ. ಗುಜರಿಗೆ ಕೊಟ್ಟರೆ ಸುಟ್ಟು ತಾಮ್ರ ತೆಗೆಯುತ್ತಾರೆ, ಅದು ಬೇಡ. ಡಿಸ್ಕನ್ನು ಪೂರ್ತಿ ಅಳಿಸಿ, ತಟ್ಟೆಗೆ ರಂಧ್ರ ಕೊರೆಸಿ, ಬೋರ್ಡಿನ ಗುಂಡಿ ಬ್ಯಾಟರಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಇಟ್ಟಿದ್ದೇನೆ.